ನಾಡದೋಣಿಗೆ ಯಾವ ಎಂಜಿನ್? ಟೂ ಸ್ಟ್ರೋಕ್, ಫೋರ್ ಸ್ಟ್ರೋಕ್ ಎರಡನ್ನೂ ತೂಗಿ ನೋಡೋಣ

ಸೀಮೆಎಣ್ಣೆ ಒಂದು ತಿಂಗಳು ಬಂದರೆ ಇನ್ನೊಂದು ತಿಂಗಳು ಇಲ್ಲ. ಹಳೆ ಎಂಜಿನ್ ಸವೆದು ಹೋಗಿದೆ. ಹೊಸದು ತಗೊಳ್ಳಲೇಬೇಕು. ಅಂಗಡಿಗೆ ಹೋದರೆ ಒಬ್ಬರು ಫೋರ್ ಸ್ಟ್ರೋಕ್ ತಗೊಳ್ಳಿ, ಎಣ್ಣೆ, ಅಂದರೆ ಇಂಧನ, ಉಳಿಯುತ್ತದೆ ಅನ್ನುತ್ತಾರೆ. ಬಂದರಿನ ದಕ್ಕೆಗೆ ಬಂದರೆ ಇನ್ನೊಬ್ಬರು ಅದೆಲ್ಲ ನಮ್ಮ ಕಡಲಿಗೆ ಆಗುವುದಿಲ್ಲ, ಟೂ ಸ್ಟ್ರೋಕೇ ಸರಿ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರ ಕೆಲಸ ಬೇರೆ, ನೀರು ಬೇರೆ, ಅಷ್ಟೇ. ಶರಾವತಿ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಸುತ್ತಿಸುವ ದೋಣಿಗೂ, ಉಪ್ಪುಂದದ ಮರಳಿನಿಂದ ನೇರ ಅಲೆಗೆ ಇಳಿಯುವ ನಾಡದೋಣಿಗೂ ಒಂದೇ ಉತ್ತರ ಹೇಗೆ ಇರಲು ಸಾಧ್ಯ?

ಹಾಗಾಗಿ ಮೊದಲು ಎಂಜಿನ್ ಮರೆತು, ನಿಮ್ಮ ಕೆಲಸ ನೋಡಿ. ದಿನಕ್ಕೆ ಎಷ್ಟು ಗಂಟೆ ಓಡಿಸುತ್ತೀರಿ, ವರ್ಷಕ್ಕೆ ಎಷ್ಟು ದಿನ? ದೋಣಿ ಎಲ್ಲಿಂದ ನೀರಿಗೆ ಇಳಿಯುತ್ತದೆ: ಶಾಂತ ಹೊಳೆಯಿಂದಲೋ, ಅಳಿವೆ (ಹೊಳೆ ಕಡಲು ಸೇರುವ ಬಾಯಿ) ದಾಟಿಯೋ, ಬರೀ ಮರಳ ದಂಡೆಯಿಂದಲೋ? ಸಂಜೆ ಎಂಜಿನ್ ಕಳಚಿ ಮನೆಗೆ ಹೊರುವವರು ಯಾರು, ಎಷ್ಟು ಜನ? ಯಾವ ಎಣ್ಣೆ ನಿಮಗೆ ವರ್ಷಪೂರ್ತಿ ಖಚಿತವಾಗಿ ಸಿಗುತ್ತದೆ? ಕೊನೆಯದಾಗಿ, ಕೆಟ್ಟರೆ ಬಿಚ್ಚಿ ನೋಡುವ ಮೆಕ್ಯಾನಿಕ್ ಎಷ್ಟು ದೂರದಲ್ಲಿದ್ದಾರೆ? ಈ ಐದಕ್ಕೆ ಉತ್ತರ ಬರೆದಿಟ್ಟುಕೊಂಡರೆ ಅರ್ಧ ತೀರ್ಮಾನ ಆದ ಹಾಗೆ. ಬೆಲೆ ಆಮೇಲೆ.

ಇನ್ನೊಂದು ಮಾತು ಮೊದಲೇ ಹೇಳಬೇಕು. ನಮ್ಮ ಕರಾವಳಿಯಲ್ಲಿ ಎಲ್ಲರೂ 9.9 ಎಚ್‌ಪಿ ಎಂಜಿನ್ ಕೇಳುವುದು ಸುಮ್ನೆ ಅಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದಲ್ಲಿ ಯಾಂತ್ರೀಕೃತ ಬೋಟುಗಳು ದಡದಲ್ಲಿರಬೇಕು, 10 ಎಚ್‌ಪಿಗಿಂತ ಜಾಸ್ತಿ ಶಕ್ತಿಯ ಮೋಟಾರ್ ಹಾಕಿದ ದೋಣಿಗಳೂ ಇಳಿಯುವಂತಿಲ್ಲ. ಅದಕ್ಕಿಂತ ಕಡಿಮೆ ಇದ್ದರೆ ಮಳೆಗಾಲದಲ್ಲೂ ಮೀನು ಹಿಡಿಯಬಹುದು. ನಾಡದೋಣಿಯವರಿಗೆ ವರ್ಷದ ದೊಡ್ಡ ದುಡಿಮೆ ಆ ಎರಡು ತಿಂಗಳಲ್ಲೇ, ಕಡಲು ತೂಫಾನ್ ಎದ್ದು ಇಳಿದ ಮೇಲೆ. ಆದ್ದರಿಂದ ಇಲ್ಲಿ ನಾನು ಮುಖ್ಯವಾಗಿ 9.9ರ ಆಸುಪಾಸಿನ ಎಂಜಿನ್‌ಗಳ ಬಗ್ಗೆಯೇ ಮಾತಾಡುತ್ತೇನೆ.

ಎರಡರ ಒಳಗೆ ಏನು ನಡೆಯುತ್ತದೆ

ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಒಂದು ಸಲ ಉರಿಯುತ್ತದೆ. ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಂದು ಸಲ. ಟೂ ಸ್ಟ್ರೋಕ್‌ಗೆ ಫೋರ್ ಸ್ಟ್ರೋಕ್‌ನಂಥ ವಾಲ್ವ್ ಇಲ್ಲ, ಅದನ್ನು ತೆರೆಯುವ ಕ್ಯಾಮ್ ಇಲ್ಲ, ಆಯಿಲ್ ತುಂಬಿಡುವ ತಳವೂ ಇಲ್ಲ. ಎಣ್ಣೆಯಲ್ಲೇ ಸವೆತ ತಡೆಯುವ ಆಯಿಲ್ ಬೆರೆಸಿ ಹಾಕಬೇಕು. ಹಳೆ ಚೇತಕ್ ಸ್ಕೂಟರ್‌ಗೆ ಬಂಕಿನಲ್ಲಿ ಆಯಿಲ್ ಬೆರೆಸಿ ಹಾಕಿಸುತ್ತಿದ್ದರಲ್ಲ, ಅದೇ ಜಾತಿ. ಬಿಡಿಭಾಗ ಕಡಿಮೆ, ಹಾಗಾಗಿ ಹಗುರ, ಅಗ್ಗ, ರಿಪೇರಿ ಸುಲಭ. ಆದರೆ ಹೊಸ ಎಣ್ಣೆ ಒಳಗೆ ಬರುವಾಗಲೇ ಹಳೆ ಹೊಗೆ ಹೊರಗೆ ಹೋಗುವ ದಾರಿಯೂ ತೆರೆದಿರುತ್ತದೆ. ಅದರಿಂದ ಹಳೆ ಮಾದರಿಯ ಕಾರ್ಬುರೇಟರ್ ಟೂ ಸ್ಟ್ರೋಕ್‌ನಲ್ಲಿ ಹಾಕಿದ ಎಣ್ಣೆಯ ಕಾಲು ಭಾಗದವರೆಗೂ ಉರಿಯದೆ ಹೊರಗೆ ಹೋಗಬಹುದು. ನೀವು ಕಾಸು ಕೊಟ್ಟು ತಂದದ್ದು ನೀರಿನ ಮೇಲೆ ಬಣ್ಣದ ಪೊರೆಯಾಗಿ ತೇಲುತ್ತದೆ. ಫೋರ್ ಸ್ಟ್ರೋಕ್‌ನಲ್ಲಿ ಈ ನಷ್ಟ ಬಹಳ ಕಡಿಮೆ.

ಇದೇ ಕಾರಣಕ್ಕೆ ಅಮೆರಿಕದಲ್ಲಿ 1996ರ ಹೊಗೆ ನಿಯಮಗಳು ಬಂದ ಮೇಲೆ ಆ ಹಳೆ ಮಾದರಿ ಅಲ್ಲಿನ ಹೊಸ ಮಾರಾಟದಿಂದ ಮೆಲ್ಲಗೆ ಮಾಯವಾಯಿತು. ಏಷ್ಯಾ, ಆಫ್ರಿಕಾದ ಮೀನುಗಾರರಿಗಾಗಿ ಯಮಹಾದ ಎಂಡ್ಯೂರೊ ತರಹದ ಟೂ ಸ್ಟ್ರೋಕ್‌ಗಳು ಮಾತ್ರ ಮುಂದುವರಿದಿವೆ. ಎಣ್ಣೆಯನ್ನು ಸಿಲಿಂಡರಿಗೇ ಚಿಮ್ಮಿಸುವ ನೇರ ಇಂಜೆಕ್ಷನ್ ಇದ್ದ ಒಳ್ಳೆಯ ಟೂ ಸ್ಟ್ರೋಕ್‌ಗಳೂ ಇದ್ದವು. ಅವುಗಳಲ್ಲಿ ಹೆಸರಾದ ಇವಿನ್‌ರೂಡ್ ಇ-ಟೆಕ್ ತಯಾರಿಕೆ 2020ರಲ್ಲಿ ನಿಂತಿತು. ಯಾರಾದರೂ ಸೆಕೆಂಡ್ ಹ್ಯಾಂಡ್ ಇ-ಟೆಕ್ ತೋರಿಸಿದರೆ ಬಿಡಿಭಾಗದ ಕಥೆ ಯೋಚಿಸಿ ಕೈ ಹಾಕಿ.

ಲೆಕ್ಕ ಹಾಕೋಣ

ಫೋರ್ ಸ್ಟ್ರೋಕ್ ಎಣ್ಣೆ ಉಳಿಸುತ್ತದೆ ಅನ್ನುವುದು ನಿಜ. ಎಷ್ಟು ಅನ್ನುವುದು ಹೇಗೆ ಓಡಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ನಿಧಾನ, ಮಧ್ಯಮ ವೇಗದಲ್ಲಿ ಉಳಿತಾಯ ಜಾಸ್ತಿ, ಪೂರ್ತಿ ತಿರುಗಿಸಿ ಓಡಿಸಿದರೆ ಅಂತರ ಕಡಿಮೆಯಾಗುತ್ತದೆ. ಒಂದು ಉದಾಹರಣೆಗೆ, ಟೂ ಸ್ಟ್ರೋಕ್ ಗಂಟೆಗೆ 5 ಲೀಟರ್, ಫೋರ್ ಸ್ಟ್ರೋಕ್ ಮೂರೂವರೆ ಲೀಟರ್ ಕುಡಿಯುತ್ತದೆ ಅಂದುಕೊಳ್ಳಿ. ಪೆಟ್ರೋಲ್ 100 ರೂಪಾಯಿ ಎಂದು ಹಿಡಿಯೋಣ. ದಿನಕ್ಕೆ 3 ಗಂಟೆ ಓಡಿದರೆ ನಾಲ್ಕೂವರೆ ಲೀಟರ್, ಅಂದರೆ 450 ರೂಪಾಯಿ ಉಳಿಯಿತು. ಇದರ ಜೊತೆ ಟೂ ಸ್ಟ್ರೋಕ್‌ಗೆ 50 ಲೀಟರಿಗೆ 1 ಲೀಟರ್ ಆಯಿಲ್ ಬೆರೆಸಬೇಕು. 15 ಲೀಟರಿಗೆ 300 ಎಂಎಲ್ ಆಯಿಲ್, ಲೀಟರಿಗೆ 400 ರೂಪಾಯಿ ಹಿಡಿದರೂ 120 ರೂಪಾಯಿ. ಒಟ್ಟು ದಿನಕ್ಕೆ 570. ವರ್ಷಕ್ಕೆ 150 ದಿನ ಕಡಲಿಗೆ ಹೋಗುವವರಿಗೆ 85,500 ರೂಪಾಯಿ!

ಇದರಲ್ಲಿ ಫೋರ್ ಸ್ಟ್ರೋಕ್‌ನ ಖರ್ಚು ಕಳೆಯಬೇಕು. 450 ಗಂಟೆ ಓಡಿತು ಅಂದರೆ, 100 ಗಂಟೆಗೊಮ್ಮೆ ಎಂಜಿನ್ ಆಯಿಲ್ ಬದಲಿಸಬೇಕು, ಫಿಲ್ಟರ್ ನೋಡಬೇಕು, ಆಗಾಗ ವಾಲ್ವ್ ಅಂತರ ಸರಿಮಾಡಿಸಬೇಕು. ಈ ಗಾತ್ರದ ಎಂಜಿನ್‌ಗೆ ಒಂದು ಸಲಕ್ಕೆ ಸುಮಾರು ಒಂದು ಲೀಟರ್ ಆಯಿಲ್ ಸಾಕು. ಇಷ್ಟೆಲ್ಲ ಕಳೆದರೂ ಉಳಿಯುವ ದುಡ್ಡು ದೊಡ್ಡದೇ. ಎರಡು ಎಂಜಿನ್‌ಗಳ ಬೆಲೆಯ ವ್ಯತ್ಯಾಸ ಒಂದು ಸೀಸನ್‌ನಲ್ಲಿ, ಹೆಚ್ಚೆಂದರೆ ಎರಡರಲ್ಲಿ ವಾಪಸ್ ಬರುತ್ತದೆ.

ಈಗ ಅದೇ ಲೆಕ್ಕವನ್ನು ವಾರಕ್ಕೆ ಒಂದು ಗಂಟೆ ಓಡಿಸುವವರಿಗೆ ಹಾಕಿ. ವಾರಕ್ಕೆ 190 ರೂಪಾಯಿ ಉಳಿತಾಯ. ವರ್ಷಕ್ಕೆ 40 ವಾರ ಅಂದರೂ 7,600. ಬೆಲೆಯ ವ್ಯತ್ಯಾಸ ತೀರಲು ವರ್ಷಗಳೇ ಬೇಕು. ಎಣ್ಣೆ ಉಳಿಸುವುದಕ್ಕಾಗಿ ಮಾತ್ರ ಇವರು ಫೋರ್ ಸ್ಟ್ರೋಕ್ ತಗೊಳ್ಳುವುದರಲ್ಲಿ ಅರ್ಥವಿಲ್ಲ. ನಿಮ್ಮ ಊರಿನ ಬೆಲೆ, ನಿಮ್ಮ ಗಂಟೆಗಳನ್ನು ಇದೇ ಜಾಗದಲ್ಲಿ ಹಾಕಿ ನೋಡಿ. ಅಂಗಡಿಯವರು ಹೇಳುವ ಶೇಕಡಾವಾರು ಮಾತಿಗಿಂತ ಇದು ನಂಬಿಕಸ್ಥ.

ಒಂದು ಅಡ್ಡಮಾತು. ಎಷ್ಟೋ ದೋಣಿಗಳಲ್ಲಿ ಎಣ್ಣೆ ಪೋಲಾಗುವುದು ಸ್ಟ್ರೋಕ್‌ನಿಂದಲ್ಲ, ತಪ್ಪು ಫ್ಯಾನ್‌ನಿಂದ, ಅಂದರೆ ನೀರು ತಳ್ಳುವ ಪ್ರೊಪೆಲ್ಲರ್‌ನಿಂದ. ಬಲೆ, ಜನ, ಮೀನು ಹೇರಿಕೊಂಡ ಭಾರದ ದೋಣಿಗೆ ಸ್ಪೀಡ್ ಬೋಟಿನ ಫ್ಯಾನ್ ಹಾಕಿದರೆ ಎಂಜಿನ್ ಏದುಸಿರು ಬಿಡುತ್ತದೆ, ಪೂರ್ತಿ ತಿರುಗುವುದೇ ಇಲ್ಲ. ಕಡಿಮೆ ಪಿಚ್‌ನ, ಅಂದರೆ ಒಂದು ಸುತ್ತಿಗೆ ಕಡಿಮೆ ದೂರ ತಳ್ಳುವ, ಫ್ಯಾನ್ ಕೇಳಿ. ಯಾವ ಎಂಜಿನ್ ತಗೊಂಡರೂ ಇದು ಲಾಭ.

ಹೊರುವ ಭಾರ

ತೊಹಾಟ್ಸು ಕಂಪನಿಯ 9.8 ಎಚ್‌ಪಿ ಎಂಜಿನ್ ಎರಡೂ ಬಗೆಯಲ್ಲಿ ಬರುತ್ತದೆ. ಟೂ ಸ್ಟ್ರೋಕ್ 169 ಸಿಸಿ, ಸುಮಾರು 26 ಕೆ.ಜಿ. ಫೋರ್ ಸ್ಟ್ರೋಕ್ 209 ಸಿಸಿ, ಸುಮಾರು 37 ಕೆ.ಜಿ. 11 ಕೆ.ಜಿ. ಅಂತರ ಕಾಗದದ ಮೇಲೆ ಏನೂ ಅಲ್ಲ. ಒದ್ದೆ ಮರಳಿನಲ್ಲಿ ಕಾಲು ಹೂತು ಹೋಗುವಾಗ, ಒಬ್ಬರೇ ಹೆಗಲ ಮೇಲೆ ಹೊತ್ತು ಶೆಡ್ಡಿಗೆ ತರುವಾಗ ಅದು ಬಹಳ. 40 ಎಚ್‌ಪಿಗೆ ಹೋದರೆ ಅಂತರ 20 ಕೆ.ಜಿ. ದಾಟುತ್ತದೆ, ಆದರೆ ಅಷ್ಟು ದೊಡ್ಡದನ್ನು ಯಾರೂ ದಿನಾ ಕಳಚುವುದಿಲ್ಲ, ಹಾಗಾಗಿ ಅಲ್ಲಿ ತೂಕದ ಮಾತು ಅಷ್ಟು ಮುಖ್ಯವಲ್ಲ.

ಕಳಚಿ ಒಯ್ಯುವವರು ಇನ್ನೊಂದನ್ನು ಗಮನಿಸಬೇಕು. ಟೂ ಸ್ಟ್ರೋಕ್ ಅನ್ನು ಗೂಡ್ಸ್ ಆಟೊದಲ್ಲಿ ಮಲಗಿಸಿ ಒಯ್ಯುವುದು ಸುಲಭ. ಫೋರ್ ಸ್ಟ್ರೋಕ್ ಅನ್ನು ಯಾವ ಮಗ್ಗುಲಿಗೆ ಮಲಗಿಸಬೇಕೆಂದು ಕಂಪನಿ ಹೇಳಿರುತ್ತದೋ ಅದೇ ಮಗ್ಗುಲಿಗೆ ಮಲಗಿಸಬೇಕು. ತಪ್ಪಿದರೆ ತಳದ ಆಯಿಲ್ ಸಿಲಿಂಡರಿಗೆ ನುಗ್ಗುತ್ತದೆ. ಹುಡುಗರ ಕೈಗೆ ಕೊಡುವಾಗ ಇದನ್ನು ಹೇಳಿಯೇ ಕೊಡಿ.

ಅಲೆಗೆ ಇಳಿಯುವ ದೋಣಿ

ನನಗೆ ಇಡೀ ಹೋಲಿಕೆಯಲ್ಲಿ ಬಹಳ ಮುಖ್ಯ ಅನ್ನಿಸುವುದು ಇದು. ಮಾರುವವರು ಇದನ್ನು ಹೇಳುವುದೇ ಇಲ್ಲ. ಗಂಗೊಳ್ಳಿ, ಹೊನ್ನಾವರದಂಥ ಅಳಿವೆಗಳಲ್ಲಿ ಹೂಳು ತುಂಬಿ ಮರಳ ದಿಬ್ಬ ಏಳುತ್ತದೆ, ಅದರ ಮೇಲೆ ಅಲೆ ಒಡೆಯುತ್ತದೆ. ದಂಡೆಯಿಂದ ನೇರ ಇಳಿಸುವ ಊರುಗಳಲ್ಲಿ ಇನ್ನೂ ಕಷ್ಟ. ಅಲೆಗಳ ನಡುವಿನ ಬಿಡುವು ನೋಡಿ, ಹ್ಯಾಂಡಲ್ ಒಮ್ಮೆಲೇ ತಿರುಗಿಸಿ, ಅಲೆ ಹತ್ತಿ, ನೆತ್ತಿಯಲ್ಲಿ ಕೈ ಸಡಿಲಿಸಬೇಕು. ಟೂ ಸ್ಟ್ರೋಕ್ ಈ ಕೆಲಸಕ್ಕೇ ಹುಟ್ಟಿದ ಹಾಗೆ ಎಗರುತ್ತದೆ. ಈಗಿನ ಫೋರ್ ಸ್ಟ್ರೋಕ್‌ಗಳು, ಅದರಲ್ಲೂ ಇಂಜೆಕ್ಷನ್ ಇರುವವು, ಹಿಂದಿನಷ್ಟು ಮಂದ ಅಲ್ಲ. ಆದರೂ ಸಣ್ಣ ದೋಣಿಯ ಹಿಂಬದಿಯಲ್ಲಿ ಜಾಸ್ತಿ ತೂಕ ಕೂತರೆ ಹಿಂದಿನಿಂದ ನೀರು ನುಗ್ಗುವ ಅಪಾಯ ಹೆಚ್ಚು.

ದೋಣಿ ಮಗುಚಿ ಎಂಜಿನ್ ಉಪ್ಪುನೀರಿನಲ್ಲಿ ಮುಳುಗಿತು ಅನ್ನಿ. ಟೂ ಸ್ಟ್ರೋಕ್ ಆದರೆ ದಡದಲ್ಲೇ ಉಳಿಸಿಕೊಳ್ಳಬಹುದು. ನೀರು ಒಳಗಿರುವಾಗ ಹಗ್ಗ ಜೋರಾಗಿ ಎಳೆಯಬೇಡಿ, ನೀರು ಹಿಡಿದುಕೊಂಡು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ಪ್ಲಗ್ ಬಿಚ್ಚಿ, ತೂತು ಕೆಳಗೆ ಬರುವಂತೆ ಮಾಡಿ, ಹಗ್ಗವನ್ನು ನಿಧಾನ ಎಳೆದು ನೀರು ಹೊರಹಾಕಿ. ಸಿಹಿನೀರಿನಲ್ಲಿ ತೊಳೆದು, ಕಾರ್ಬುರೇಟರ್ ಖಾಲಿ ಮಾಡಿ, ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು, ಅದೇ ದಿನ ಸ್ಟಾರ್ಟ್ ಮಾಡಿ ಅರ್ಧ ಗಂಟೆಯಾದರೂ ಓಡಿಸಿ. ಅದೇ ದಿನ ಆಗದಿದ್ದರೆ ಗಾಳಿಗೆ ಬಿಡುವ ಬದಲು ಸಿಹಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿಡುವುದೇ ವಾಸಿ. ಉಪ್ಪಿಗೆ ಗಾಳಿ ಸೇರಿದರೆ ಬೇರಿಂಗ್ ತಿನ್ನಲು ಬಹಳ ಹೊತ್ತು ಬೇಡ.

ಫೋರ್ ಸ್ಟ್ರೋಕ್‌ಗೂ ಇಷ್ಟೆಲ್ಲ ಬೇಕು, ಜೊತೆಗೆ ತಳದ ಆಯಿಲ್‌ಗೆ ನೀರು ಸೇರಿರುತ್ತದೆ. ಅದನ್ನು ಬಸಿದು, ಹೊಸದು ಹಾಕಿ, ಓಡಿಸಿ, ಮತ್ತೆ ಬಸಿದು, ಹಾಲಿನ ಬಣ್ಣ ಹೋಗುವವರೆಗೆ ಮಾಡಬೇಕು. ಇಂಜೆಕ್ಷನ್ ಮಾದರಿಯಾದರೆ ಎಲೆಕ್ಟ್ರಾನಿಕ್ ಡಬ್ಬಿ, ಪಂಪ್, ಇಂಜೆಕ್ಟರ್ ಎಲ್ಲಕ್ಕೂ ನೀರು ತಗುಲಿರುತ್ತದೆ. ಅದು ದಡದ ಕೆಲಸವಲ್ಲ. ವರ್ಷಕ್ಕೆ ಒಮ್ಮೆಯಾದರೂ ಅಲೆಯಲ್ಲಿ ಮಗುಚುವ ಜಾಗ ನಿಮ್ಮದಾದರೆ, ಮೇಲೆ ಹಾಕಿದ ಎಣ್ಣೆಯ ಲೆಕ್ಕದ ಪಕ್ಕದಲ್ಲೇ ಇದನ್ನೂ ಬರೆಯಿರಿ. ಲೈಫ್ ಜಾಕೆಟ್ ಹಾಕಿಕೊಳ್ಳುವುದನ್ನಂತೂ ಯಾವ ಎಂಜಿನ್ ಇದ್ದರೂ ಬಿಡಬೇಡಿ, ದಯವಿಟ್ಟು. ಎಂಜಿನ್ ಇನ್ನೊಂದು ತರಬಹುದು.

ಸೀಮೆಎಣ್ಣೆಯ ಪ್ರಶ್ನೆ

ನಮ್ಮ ಹಳೆ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ) ಎಂಜಿನ್‌ಗಳು ಬಹುಪಾಲು ಸೀಮೆಎಣ್ಣೆಯ ಟೂ ಸ್ಟ್ರೋಕ್. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸಿ, ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತರಬೇಕು. ಸಬ್ಸಿಡಿ ಸೀಮೆಎಣ್ಣೆ ಸಿಗುತ್ತಿದ್ದಷ್ಟು ಕಾಲ ಇದಕ್ಕಿಂತ ಅಗ್ಗದ ಓಟ ಇರಲಿಲ್ಲ. ಈಗ ಆ ಸರಬರಾಜನ್ನು ನೆಚ್ಚಿಕೊಂಡು ಹೊಸ ಎಂಜಿನ್‌ಗೆ ದುಡ್ಡು ಸುರಿಯುವುದು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸರ್ಕಾರವೇ 2023–24ರ ರಾಜ್ಯ ಬಜೆಟ್‌ನಲ್ಲಿ ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್‌ಗೆ ಬದಲಾಗುವವರಿಗೆ ತಲಾ 50,000 ರೂಪಾಯಿ ಸಹಾಯಧನ ಘೋಷಿಸಿತ್ತು. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಅದರಲ್ಲೇ ಗೊತ್ತಾಗುತ್ತದೆ, ಅಲ್ವಾ? ಖರೀದಿಗೆ ಮುಂಚೆ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ, ಈಗ ಯಾವ ಯೋಜನೆ ಇದೆ, ಯಾವ ಎಂಜಿನ್‌ಗೆ ಅನ್ವಯ ಎಂದು ಕೇಳಿ. ಬಿಲ್ ಮಾಡಿಸಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಹಳೆ ಸೀಮೆಎಣ್ಣೆ ಎಂಜಿನ್ ಗಟ್ಟಿಯಾಗಿದ್ದರೆ ಮಾರಬೇಕಿಲ್ಲ. ಅದನ್ನೇ ಪೆಟ್ರೋಲಿಗೆ ಹೊಂದಿಸಬಹುದೇ ಎಂದು ಗೊತ್ತಿರುವ ಮೆಕ್ಯಾನಿಕ್ ಹತ್ತಿರ ತೋರಿಸಿ. ಆದರೆ ಪೆಟ್ರೋಲಿಗೆಂದೇ ಮಾಡಿದ ಫೋರ್ ಸ್ಟ್ರೋಕ್‌ಗೆ ಸೀಮೆಎಣ್ಣೆ ಬೆರೆಸಿ ಉಳಿಸುವ ಯೋಚನೆ ಮಾತ್ರ ಬೇಡವೇ ಬೇಡ. ಉರಿಯದ ಸೀಮೆಎಣ್ಣೆ ರಿಂಗ್ ಸಂದಿನಿಂದ ಇಳಿದು ತಳದ ಆಯಿಲ್ ಅನ್ನು ನೀರಾಗಿಸುತ್ತದೆ. ಒಂದು ಸೀಸನ್‌ನಲ್ಲಿ ಎಂಜಿನ್ ಮುಗಿಯುತ್ತದೆ.

ಪೆಟ್ರೋಲಿಗೂ ಅದರದ್ದೇ ತೊಂದರೆ ಇದೆ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ದೋಣಿಯ ಟ್ಯಾಂಕಿಗೆ ನೀರು ಸೇರುವುದು ಎಷ್ಟು ಸುಲಭ ನಿಮಗೆ ಗೊತ್ತೇ ಇದೆ. ನೀರು ಮಿತಿ ಮೀರಿದರೆ ಎಥನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಟೂ ಸ್ಟ್ರೋಕ್‌ಗೆ ಇದು ದೊಡ್ಡ ಅಪಾಯ. ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ, ಎಂಜಿನ್ ಟ್ಯಾಂಕಿನ ತಳದಿಂದ ಎಳೆಯುತ್ತದೆ, ಆಯಿಲ್ ಇಲ್ಲದೆ ಪಿಸ್ಟನ್ ಹಿಡಿದುಕೊಳ್ಳಬಹುದು. ಫೋರ್ ಸ್ಟ್ರೋಕ್‌ಗೆ ತಳದ ಆಯಿಲ್ ಇರುವುದರಿಂದ ಅಷ್ಟು ಬೇಗ ಹಾನಿ ಆಗುವುದಿಲ್ಲ, ಎಂಜಿನ್ ನಿಂತು ಹೋಗುತ್ತದೆ. ಎರಡಕ್ಕೂ ಒಂದೇ ಮದ್ದು: ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ, ಬೇಕಾದಷ್ಟೇ ಪೆಟ್ರೋಲ್ ತನ್ನಿ, ವಾರಗಟ್ಟಲೆ ಇಡಬೇಡಿ. ಅನೇಕ ಔಟ್‌ಬೋರ್ಡ್ ಎಂಜಿನ್‌ಗಳ ಕೈಪಿಡಿಯಲ್ಲಿ 10 ಶೇಕಡಾ ಎಥನಾಲಿನವರೆಗೆ ಮಾತ್ರ ಸರಿ ಎಂದಿರುತ್ತದೆ. ನೀವು ನೋಡುತ್ತಿರುವ ಮಾದರಿಗೆ 20 ಆಗುತ್ತದೆಯೇ ಎಂದು ಡೀಲರ್ ಹತ್ತಿರ ಬರಹದಲ್ಲಿ ಕೇಳಿ.

ಹೊಗೆ, ಸದ್ದು, ರಿಪೇರಿ

ಹೊಗೆ, ಸದ್ದಿನಲ್ಲಿ ಫೋರ್ ಸ್ಟ್ರೋಕ್ ಗೆದ್ದಾಯಿತು, ಚರ್ಚೆಯೇ ಬೇಡ. ಪ್ರವಾಸಿಗರನ್ನು ಕೂರಿಸುವವರಿಗೆ, ಹಕ್ಕಿ ತೋರಿಸುವವರಿಗೆ ಇದೇ ಮೊದಲ ಮಾನದಂಡ. ಮೀನುಗಾರರೂ ಇದನ್ನು ಹಗುರವಾಗಿ ತಗೊಳ್ಳಬಾರದು. ಹತ್ತಾರು ವರ್ಷ ಹಿಂಬದಿಯಲ್ಲಿ ಕೂತು ಹ್ಯಾಂಡಲ್ ಹಿಡಿದವರ ಕಿವಿಗೆ, ಎದೆಗೆ ಅದರ ಲೆಕ್ಕ ಗೊತ್ತು. ಕಂತುಬಲೆ ಎಳೆಯುವಾಗ ಎಂಜಿನ್ ತುಂಬ ಹೊತ್ತು ನಿಧಾನ ಓಡುತ್ತಿದ್ದರೆ ಟೂ ಸ್ಟ್ರೋಕ್ ಪ್ಲಗ್ ಮಸಿ ಹಿಡಿಯುತ್ತದೆ, ಫೋರ್ ಸ್ಟ್ರೋಕ್ ಸುಮ್ಮನೆ ಗುಟುರು ಹಾಕುತ್ತಾ ಇರುತ್ತದೆ.

ರಿಪೇರಿಯಲ್ಲಿ ಟೂ ಸ್ಟ್ರೋಕ್ ಮುಂದೆ. ಪ್ಲಗ್, ಕಾರ್ಬುರೇಟರ್, ಕಾಯಿಲ್, ಎಂಜಿನ್ ತಂಪಿಗೆ ನೀರು ಎತ್ತುವ ಇಂಪೆಲ್ಲರ್, ಇಷ್ಟು ತಿಳಿದರೆ ಮುಕ್ಕಾಲು ತೊಂದರೆ ನೀವೇ ಬಗೆಹರಿಸಬಹುದು. ಮಲ್ಪೆ, ಗಂಗೊಳ್ಳಿ, ಭಟ್ಕಳ ಕಡೆ ಇದರ ಕೈಚಳಕ ಇರುವವರು ಸಿಗುತ್ತಾರೆ. ಫೋರ್ ಸ್ಟ್ರೋಕ್ ತಗೊಳ್ಳುವುದಾದರೆ ಇಂಜೆಕ್ಷನ್‌ಗಿಂತ ಕಾರ್ಬುರೇಟರ್ ಮಾದರಿ ಹಳ್ಳಿಗೆ ಒಗ್ಗುತ್ತದೆ. ಸರ್ವಿಸ್ ಸೆಂಟರ್ ಹತ್ತಿರವಿದ್ದರೆ ಇಂಜೆಕ್ಷನ್ ಒಳ್ಳೆಯದು, ಸ್ಟಾರ್ಟ್ ಸಲೀಸು, ಎಣ್ಣೆ ಇನ್ನೂ ಕಡಿಮೆ.

ಹಾಗಾದರೆ ಯಾರಿಗೆ ಯಾವುದು

ಹೊಳೆ, ಹಿನ್ನೀರು, ಕೆರೆ, ಪ್ರವಾಸಿ ದೋಣಿ, ದಿನಾ ಓಡಾಟ: ಫೋರ್ ಸ್ಟ್ರೋಕ್. ಎರಡನೇ ಯೋಚನೆ ಬೇಡ.

ಬಂದರಿನಿಂದ ಹೊರಟು ದೂರ ಹೋಗಿ ಬಲೆ ಬಿಟ್ಟು ಬರುವವರು, ದಿನಕ್ಕೆ ಮೂರು ನಾಲ್ಕು ಗಂಟೆ ಓಟ, ಎಂಜಿನ್ ಇಳಿಸಲು ಇಬ್ಬರು ಇದ್ದಾರೆ ಅಂದರೆ ಇಲ್ಲೂ ಫೋರ್ ಸ್ಟ್ರೋಕ್. ಸಾಲ ಮಾಡಿ ತಗೊಂಡರೂ ಉಳಿಯುವ ಎಣ್ಣೆಯ ದುಡ್ಡು ಕಂತು ಕಟ್ಟಲು ನೆರವಾಗುತ್ತದೆ.

ಬರೀ ದಂಡೆಯಿಂದ ಅಲೆಗೆ ಇಳಿದು, ಹತ್ತಿರದಲ್ಲೇ ಬಲೆ ಬಿಟ್ಟು, ಒಂದು ಗಂಟೆಯೊಳಗೆ ಓಟ ಮುಗಿಸುವ ಸಣ್ಣ ದೋಣಿಗೆ ನಾನು ಈಗಲೂ ಪೆಟ್ರೋಲ್ ಟೂ ಸ್ಟ್ರೋಕ್ ಎಂದೇ ಹೇಳುತ್ತೇನೆ. ನೀರಿನ ಮೇಲಿನ ಎಣ್ಣೆ ಪೊರೆ ನನಗೂ ಸಂಕಟವೇ. ಆದರೆ ಮುಳುಗಿದ ಎಂಜಿನ್‌ನಿಂದ ಒಂದು ಮನೆಯ ಮಳೆಗಾಲದ ದುಡಿಮೆ ನಿಲ್ಲುವುದು ಅದಕ್ಕಿಂತ ದೊಡ್ಡ ಸಂಕಟ.

ನೆರೆ ಪರಿಹಾರಕ್ಕೆ ದೋಣಿ ಇಟ್ಟುಕೊಂಡ ಪಂಚಾಯಿತಿ, ಸಂಘಗಳ ವಿಷಯ ಬೇರೆ. ಅವರ ಎಂಜಿನ್ ತಿಂಗಳುಗಟ್ಟಲೆ ಮಲಗಿದ್ದು ಒಂದು ದಿನ ಮೊದಲ ಎಳೆತಕ್ಕೇ ಏಳಬೇಕು. ಹಗುರ ಎಂಬ ಕಾರಣಕ್ಕೆ ಟೂ ಸ್ಟ್ರೋಕ್ ಸರಿ, ಆದರೆ ಪ್ರತಿ ಸಲ ಇಡುವ ಮುಂಚೆ ಕಾರ್ಬುರೇಟರ್ ಒಣಗಿಸಿ, ತಿಂಗಳಿಗೊಮ್ಮೆ ಡ್ರಮ್ಮಿನ ನೀರಿನಲ್ಲಿ ಓಡಿಸುವ ಜವಾಬ್ದಾರಿ ಒಬ್ಬರಿಗೆ ವಹಿಸಿ.

ಕೈಯಲ್ಲಿ ದುಡ್ಡು ಕಡಿಮೆ, ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದೀರಿ ಅಂದರೆ ಟೂ ಸ್ಟ್ರೋಕ್‌ನಲ್ಲಿ ಮೋಸ ಹೋಗುವುದು ಕಷ್ಟ. ಎಂಜಿನ್ ತಣ್ಣಗಿರುವಾಗಲೇ ಹೋಗಿ, ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನಿಸಿ. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿ ಎಲ್ಲ ಸಿಲಿಂಡರ್ ಒಂದೇ ಸಮ ಇದೆಯೇ ನೋಡಿ. ಗೇರ್ ಆಯಿಲ್ ಬಿಚ್ಚಿಸಿ, ಹಾಲಿನಂತೆ ಬೆಳ್ಳಗಾಗಿದ್ದರೆ ಸೀಲ್ ಹೋಗಿದೆ. ಎಂಜಿನ್ ತಂಪು ಮಾಡಿ ಹೊರಬರುವ ನೀರಿನ ಧಾರೆ ಗಟ್ಟಿಯಾಗಿ ಬರುತ್ತಿರಬೇಕು. ಫೋರ್ ಸ್ಟ್ರೋಕ್ ಆದರೆ ಆಯಿಲ್ ಮಟ್ಟ ನೋಡುವ ಕಡ್ಡಿ (ಡಿಪ್‌ಸ್ಟಿಕ್) ಎಳೆದು ಮೂಸಿ ನೋಡಿ: ಪೆಟ್ರೋಲ್ ವಾಸನೆ, ಅಥವಾ ಮಟ್ಟ ಮೇಲಿನ ಗೆರೆ ದಾಟಿದ್ದರೆ ಬಿಟ್ಟುಬಿಡಿ. ಮುಳುಗಿ ಎದ್ದ ಫೋರ್ ಸ್ಟ್ರೋಕ್ ಎಂದು ಗೊತ್ತಾದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ದುಡ್ಡು ಕೊಡುವ ಮುಂಚೆ ದೋಣಿಯ ಹಿಂಹಲಗೆಯ ಎತ್ತರ ಟೇಪ್ ಹಿಡಿದು ಅಳೆಯಿರಿ. ಸುಮಾರು 15 ಇಂಚಿದ್ದರೆ ಶಾರ್ಟ್ ಶಾಫ್ಟ್ (ಗಿಡ್ಡ ಕಾಲಿನ ಎಂಜಿನ್), 20 ಇಂಚಿದ್ದರೆ ಲಾಂಗ್ ಶಾಫ್ಟ್ (ಉದ್ದ ಕಾಲಿನದು). ಇದು ತಪ್ಪಿದರೆ ಫ್ಯಾನ್ ಗಾಳಿ ಕಡೆಯುತ್ತದೆ, ಇಲ್ಲವೇ ಸುಮ್ನೆ ನೀರು ಎಳೆದಾಡುತ್ತದೆ. ಮೊದಲ 10 ಗಂಟೆ ಎಂಜಿನ್ ಪೂರ್ತಿ ತಿರುಗಿಸಬೇಡಿ, ಫೋರ್ ಸ್ಟ್ರೋಕ್ ಆದರೆ 20 ಗಂಟೆಗೇ ಮೊದಲ ಆಯಿಲ್ ಬದಲಿಸಿ. ಕಡಲಿನಿಂದ ಬಂದ ಪ್ರತಿ ಸಲವೂ ಸಿಹಿನೀರು ಹರಿಸಿ ತೊಳೆಯಿರಿ.